ಅಪ್ಪನ ಕಾಲಿನ ಅಳತೆ

“ಚಕ್ರಕ್ಕೆ ಕಲ್ಲು ಕೊಡ್ರೋ!”

ಚಿಕ್ಕಪ್ಪ ಆಕ್ಸಿಲರೇಟರ್ ತುಳಿದಷ್ಟೂ ಇಂಜಿನ್ ಅರಚಿತು. ವ್ಯಾನ್ ಮಾತ್ರ ಏರಿನಲ್ಲಿ ಹಿಂದಕ್ಕೇ ಜಾರಿತು. ಸುಟ್ಟ ವಾಸನೆ ಮೂಗಿಗೆ ಅಡರಿತು. ಒಳಗೆ ಹಲಗೆಯ ಮೇಲೆ, ಇದೇ ವ್ಯಾನನ್ನು ಬಿಚ್ಚಿ ಜೋಡಿಸುತ್ತಲೇ ಮುಪ್ಪಾದ ಮೆಕ್ಯಾನಿಕ್ ಅಪ್ಪ ಕೊನೆಯ ಸಲ ಮಲಗಿದ್ದ. ಸ್ಮಶಾನದ ಗೇಟು ಏರಿನ ತುದಿಯಲ್ಲಿ ಕಾಣುತ್ತಿತ್ತು.

“ಕ್ಲಚ್ ಪ್ಲೇಟ್ ಹೋಯ್ತು,” ಎಂದು ಚಿಕ್ಕಪ್ಪ ಇಳಿದ. “ಬೇರೆ ಗಾಡಿ ಕರೆಸಿ ಅಣ್ಣನ್ನ ಅದಕ್ಕೆ ಹಾಕೋಣ. ಇದು ಗುಜರಿಗೇ ಸರಿ.”

ಹಲಗೆಯ ಪಕ್ಕ ಕೂತಿದ್ದ ಅಮ್ಮ ಮಗಳ ಕೈ ಹಿಡಿದಳು. “ನಡುದಾರೀಲಿ ಇಳಿಸಬೇಡ ಕಣೇ ಅವರನ್ನ.”

“ಇಳಿಸಲ್ಲಮ್ಮ. ಪ್ಲೇಟ್ ಹೋಗಿಲ್ಲ, ಹಿಡೀದೆ ಜಾರ್ತಿದೆ ಅಷ್ಟೆ. ಚಿಕ್ಕಪ್ಪ, ಇಂಜಿನ್ ಸ್ವಲ್ಪ ಆರಲಿ.”

*

ಹೋದ ವರ್ಷ ಅಪ್ಪನ ಎಡಮಂಡಿ ಮುಷ್ಕರ ಹೂಡಿತ್ತು. ಕ್ಲಚ್ಚನ್ನು ಪೂರ್ತಿ ತುಳಿಯಲಾಗದೆ ಅದರ ಕೇಬಲ್ಲನ್ನೇ ಬಿಗಿದುಕೊಂಡಿದ್ದ. ಪಾದ ಸೋಕಿದರೆ ಸಾಕು, ಗೇರು ಬೀಳುತ್ತಿತ್ತು.

“ಅಪ್ಪಾ, ಪೆಡಲ್ಲಿಗೆ ಇಷ್ಟೂ ಸಡಿಲ ಇಲ್ಲ. ಭಾರ ಹೊತ್ರೆ ಜಾರತ್ತೆ. ಪ್ಲೇಟೂ ಸವೆದುಹೋಗತ್ತೆ.”

“ಅದು ಸವೆಯೋದ್ರೊಳಗೆ ನಾನೇ ಸವೆದಿರ್ತೀನಿ ಬಿಡೇ. ಖಾಲಿ ಗಾಡಿ, ಒಬ್ಬ ಮುದುಕ. ಯಾವ ಮಹಾ ಭಾರ?”

*

ಇವತ್ತು ಮನೆಮಂದಿಯೆಲ್ಲ ಹತ್ತಿದ್ದರು.

ಅವಳು ಸೀಟಿನಡಿಯ ಸ್ಪ್ಯಾನರ್ ಹಿಡಿದು ವ್ಯಾನಿನ ಕೆಳಗೆ ತೂರಿದಳು. ಕೇಬಲ್ಲಿನ ತುದಿಯ ನಟ್ಟಿನ ಮೇಲೆ ಅಪ್ಪ ಹಚ್ಚಿದ ಗ್ರೀಸು ಇನ್ನೂ ಹಸಿಯಾಗಿತ್ತು. ಸ್ಪ್ಯಾನರ್ ಕೂರಿಸಿದವಳಿಗೆ ತಿರುಗಿಸಲು ಮನಸ್ಸಾಗಲಿಲ್ಲ. ಅವನ ಕೈ ಕೊನೆಯದಾಗಿ ಬಿಗಿದದ್ದು.

“ಇನ್ನೂ ಬಿಚ್ಲಿಲ್ವೇನೇ?” ಮೇಲಿನಿಂದ ಅಮ್ಮನ ದನಿ. “ಕುಂಟು ಕಾಲಿಗೆ ಅಂತ ಮಾಡ್ಕೊಂಡಿದ್ದು ಕಣೇ ಅದು. ಅವರಿಗಿನ್ನು ಮಂಡಿ ನೋವಿಲ್ಲ. ಬಿಚ್ಚು.”

ಅವಳು ಕಣ್ಣೊರೆಸಿಕೊಂಡು ನಟ್ಟನ್ನು ಸಡಿಲಿಸಿದಳು. ಹೊರಬಂದು ಪೆಡಲನ್ನು ಕೈಯಿಂದ ಒತ್ತಿ ನೋಡಿದಳು, ಮತ್ತೆ ತೂರಿದಳು. ಪೆಡಲ್ಲಿಗೆ ಒಂದು ಬೆರಳಿನಷ್ಟು ಸಡಿಲ ಸಿಕ್ಕಮೇಲೆ ನಟ್ಟನ್ನು ಅಲ್ಲೇ ಬಿಗಿ ಮಾಡಿದಳು.

ಚಿಕ್ಕಪ್ಪ ಡ್ರೈವರ್ ಸೀಟಿನತ್ತ ಹೊರಟವನು, ಅವಳ ಕರಿ ಕೈ ನೋಡಿ ಪಕ್ಕಕ್ಕೆ ಸರಿದ. “ನೀನೇ ಹತ್ತು ತಾಯಿ. ನಾವು ಹಿಂದಿಂದ ತಳ್ತೀವಿ. ಈ ಡಬ್ಬಾನ ನಂಬೋಕಾಗಲ್ಲ.”

ಗಂಡಸರೆಲ್ಲ ಹಿಂದೆ ಹೋಗಿ ಅಂಗೈ ಊರಿದರು. ಅವಳು ಕ್ಲಚ್ ಒತ್ತಿ, ಗೇರು ಹಾಕಿ, ಕಾಲನ್ನು ಮೆಲ್ಲಗೆ ಬಿಟ್ಟಳು. ವ್ಯಾನ್ ಒಮ್ಮೆ ಮೈ ಕೊಡವಿ ಕಲ್ಲನ್ನು ಹಿಂದೆ ಬಿಟ್ಟು ಏರನ್ನು ಹಿಡಿಯಿತು.

ಕನ್ನಡಿಯಲ್ಲಿ, ತಳ್ಳಲು ಚಾಚಿದ ಕೈಗಳೆಲ್ಲ ಗಾಳಿಯಲ್ಲೇ ಉಳಿದಿದ್ದವು. ಚಿಕ್ಕಪ್ಪ ಅಳುತ್ತಿದ್ದನೋ ನಗುತ್ತಿದ್ದನೋ, ಪಂಚೆ ಎತ್ತಿಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಓಡಿಬರುತ್ತಿದ್ದ.