ಮಣ್ಣಿಗೆ ಬಾರದ ತುಂಡು

ನನ್ನ ಹೆಂಡತಿ ಅಜೀಜಾಬಿಯ ಎದೆಯಲ್ಲಿ ಗಂಟಾಗಿತ್ತು. ಶಹರದ ದೊಡ್ಡ ದವಾಖಾನೆಯಲ್ಲಿ ಬಲಗಡೆಯ ಶ್ವಾಸಕೋಶದ ಒಂದು ಭಾಗ ಕೊಯ್ದು ತೆಗೆಯಬೇಕೆಂದರು. ನಮ್ಮಲ್ಲಿ ಮೈಯಿಂದ ಬೇರೆಯಾದದ್ದನ್ನು ಹಾಗೇ ಬಿಡುವುದಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಕಬರಸ್ತಾನದಲ್ಲಿ ಹುಗಿಯುತ್ತೇವೆ. ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ನಮ್ಮಣ್ಣನ ಬೆರಳು ಹೋದಾಗ ನಾನೇ ಒಯ್ದು ಹುಗಿದು ಬಂದಿದ್ದೆ. ಎಷ್ಟೋ ವರ್ಷದ ಮೇಲೆ ಅವನು ತೀರಿಕೊಂಡಾಗ ಆ ಬೆರಳಿನ ಮಗ್ಗುಲಿಗೇ ಅವನಿಗೂ ಜಾಗ ಕೊಟ್ಟೆವು.

ಆದ್ದರಿಂದ ಆಪರೇಷನ್ನಿಗೆ ಮುಂಚೆಯೇ, ಕೊಯ್ದ ತುಂಡು ನಮಗೆ ಬೇಕೆಂದು ಕೇಳಿದೆ.

"ಅದರ ಮ್ಯಾಲೆ ಅಭ್ಯಾಸ ಮಾಡ್ತೀವ್ರಿ ಅಜ್ಜಾರ. ಕೆಮ್ಮು, ದಮ್ಮಿನ ಔಷಧಕ್ಕ ಉಪಯೋಗ ಆಗತೈತಿ," ಎಂದ ಎಳೆಯ ಡಾಕ್ಟರು.

ಅಜೀಜಾಬಿಯೇ ಒಪ್ಪಿದಳು. "ಮಕ್ಕಳಿಲ್ಲ ಮರಿಯಿಲ್ಲ, ನನ್ನಿಂದ ಯಾರಿಗೇನ ಆಗೇತಿ? ಇದಾದ್ರೂ ಆಗಲಿ. ತಗೋರಿ ಡಾಕ್ಟರ. ಆದ್ರ ಕೆಲಸ ಮುಗದ ಮ್ಯಾಲೆ ತಿರುಗಿ ಕೊಡಬೇಕು ಮತ್ತ."

"ಆತವ್ವಾ, ಕೊಡೂಣು."

ಆಮೇಲೆ ಎರಡು ವರ್ಷ ಚೆನ್ನಾಗಿಯೇ ಇದ್ದಳು. ಹೋದ ಚಳಿಗಾಲ ನಮ್ಮೂರು ಗುಡಗೇರಿಯಲ್ಲಿ ಮನೆಮನೆಗೂ ಕೆಮ್ಮು ಬಂತು. ಉಳಿದವರಿಗೆ ವಾರದಲ್ಲಿ ಇಳಿಯಿತು. ಅವಳಿಗೆ ಇಳಿಯಲಿಲ್ಲ. ಕಡೆಯ ದಿನ ಉಸಿರು ಸಿಕ್ಕಾಗೊಂದು ಮಾತಿನಂತೆ ಹೇಳಿದಳು: "ಆ ತುಂಡು ತಂದು ನನ್ನ ಮಗ್ಗಲಾಗ ಇಡ್ರಿ."

"ತರ್ತೀನಿ."

"ಸಂತ್ಯಾಗ ಕೊತ್ತಂಬರಿ ಮರತು ಬರೂ ಮನಶ್ಯಾರು ನೀವು."

"ಇದನ್ನ ಮರಿಯೂದಿಲ್ಲ ಬೇ."

ಅವಳನ್ನು ಮಣ್ಣು ಮಾಡಿದ ಮೇಲೆ ಆ ದವಾಖಾನೆಗೆ ಹೋಗಿ ಕೇಳಿದರೆ, ಎಳೆಯ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದ. ಅಲ್ಲೇ ನರ್ಸ್ ಆಗಿರುವ ನಮ್ಮಣ್ಣನ ಮೊಮ್ಮಗಳು ಮುಬಶಿರಾ ಹುಡುಕಾಡಿ, ತುಂಡು ಹೋದದ್ದು ಯಾವ ಲ್ಯಾಬಿಗೆಂದು ತಿಳಿದು, ನನ್ನನ್ನು ಕರೆದುಕೊಂಡು ಹೋದಳು. ಅವಳ ಮೈಗೆ ಸುತ್ತಿದ ಕಫನಿನಲ್ಲಿ ಉಳಿದಿದ್ದ ಗೇಣು ಬಟ್ಟೆ ನನ್ನ ಕಿಸೆಯಲ್ಲಿತ್ತು.

ಲ್ಯಾಬಿನಲ್ಲಿದ್ದ ಸೌಂದರ್ಯಾ ಎಂಬ ಹುಡುಗಿ ನಮ್ಮ ಕಡೆಯ ಕುಬಿಹಾಳದವಳು. ಕುರ್ಚಿ ಕೊಟ್ಟು ಚಹಾ ತರಿಸಿದಳು.

"ತುಂಡು ಕೊಟ್ರ ಸಂಜಿ ಗಾಡಿ ಹಿಡಿತೀನವ್ವಾ," ಎಂದೆ.

ಆಕೆ ಮುಬಶಿರಾಳ ಮುಖ ನೋಡಿದಳು. "ತುಂಡು ಅಂತ ಈಗೇನೂ ಇಲ್ರಿ ಅಜ್ಜಾರ."

ಆ ತುಂಡಿನಿಂದ ಜೀವಕೋಶ ಬಿಡಿಸಿಕೊಂಡಿದ್ದರಂತೆ. ಉಳಿದ ಮಾಂಸ ಮೊದಲ ವಾರದಲ್ಲೇ ಮುಗಿದಿತ್ತು. ಬಿಡಿಸಿದ ಕೋಶಗಳಿಗೆ ಆಹಾರ ಹಾಕಿ ಬೆಳೆಸಿದ್ದರು, ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ. ಸಣ್ಣ ಪ್ಲಾಸ್ಟಿಕ್ ಬಟ್ಟಲು ತಂದು ತೋರಿಸಿದಳು. ಅದರಲ್ಲಿ ಕೆಂಪು ನೀರಿನ ಹೊರತು ನನಗೇನೂ ಕಾಣಲಿಲ್ಲ. ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ಕಣ್ಣಿಡಿಸಿದಳು. ಹರಿವ ನೀರಿನ ತಳದ ಪಾಚಿಯ ಹಾಗೆ ಕೂದಲಿನಂಥವು ಎಲ್ಲ ಒಂದೇ ಕಡೆಗೆ ಬಾಗಿ ಬಾಗಿ ಏಳುತ್ತಿದ್ದವು.

"ಕಫಾ ಹೊರಗ ನೂಕೂ ಕೂದಲರಿ ಇವು. ಇನ್ನೂ ನೂಕಾಕತ್ತಾವ."

"ಇವು ಆಕಿ ಮಕ್ಕಳೇನವ್ವಾ?"

"ಮಕ್ಕಳಲ್ರಿ, ಆಕೀನ ಅನ್ನಬೇಕ್ರಿ."

ಇವನ್ನಿಟ್ಟುಕೊಂಡು ಏನು ಮಾಡುತ್ತೀರೆಂದು ಕೇಳಿದೆ. ಕಂಪ್ಯೂಟರಿನಲ್ಲಿ ಹಿಂದೆ ತೆಗೆದಿಟ್ಟ ವಿಡಿಯೋ ತೋರಿಸಿದಳು. ಕೆಮ್ಮಿನ ವೈರಸ್ಸು ತಾನಾಗಿ ಬೆಳೆಯಲಾರದು, ಅದಕ್ಕೆ ಜೀವಂತ ಕೋಶ ಬೇಕು. ಅದಕ್ಕಾಗಿ ಇಂಥ ಬಟ್ಟಲಿಗೇ ಅದನ್ನು ಬಿಡುತ್ತಾರೆ. ನೋಡುತ್ತಿದ್ದ ಹಾಗೇ ಕೂದಲು ತಡವರಿಸಿ ನಿಂತವು. ಕೋಶಗಳು ಉಬ್ಬಿ, ಒಂದೊಂದಾಗಿ ಕಳಚಿಕೊಂಡವು.

"ಇದು ಯಾವ ಕೆಮ್ಮು?"

"ಹ್ವಾದ ಚಳಿಗಾಲದಾಗ ಬಂದಿತ್ತಲ್ರಿ, ಅದ. ಬ್ಯಾರೇದವರ ಕೋಶದಾಗ ಇಷ್ಟು ಬರೂದಿಲ್ಲ. ನಿಮ್ಮ ಮನ್ಯಾಕಿ ಕೋಶದಾಗ ಅಗದಿ ಚಲೋ ಬೆಳಿತೈತ್ರಿ."

ಮುಬಶಿರಾ ಬೇಕೆಂದೇ ಕೆಮ್ಮಿದಳು. ಸೌಂದರ್ಯಾಳಿಗೆ ಆಗ ತಿಳಿಯಿತು, ತಲೆ ತಗ್ಗಿಸಿದಳು.

"ಚಲೋ ಬೆಳದದ್ದು ನಾನೂ ನೋಡೇನಿ," ಎಂದೆ.

ಕೆಲಸವಾದ ಬಟ್ಟಲುಗಳನ್ನಾದರೂ ಕೊಡು ಎಂದೆ.

"ಅವನ್ನ ಉಗಿಯಾಗ ಕುದಿಸಿ ಸುಡಾಕ ಕಳಸ್ತೀವ್ರಿ. ಇಲ್ಲಾಂದ್ರ ಜಡ್ಡು ಹೊರಗ ಬರತೈತಿ."

"ಸುಡ್ತೀರಿ?"

"ವಾರಾ ವಾರಾ ಸುಡಬೇಕ್ರಿ."

ನಾವು ಸುಡುವ ಮಂದಿಯಲ್ಲ. ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಬೈಯುವುದಕ್ಕೂ ಒಂದು ಆಧಾರ ಬೇಕಲ್ಲ.

"ಜಡ್ಡು ಹಾಕಲಾರದ್ದು ಒಂದು ಕೊಡು. ಈಗ ತೋರಿಸಿದಿಯಲ್ಲ, ಅದನ್ನ."

ಸಾಹೇಬರನ್ನು ಕೇಳಿ ಬರುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದವಳು ಕೂಡಲಿಲ್ಲ. "ಕೊಟ್ಟಮ್ಯಾಲೆ ಅವು ನಿಮ್ಮವಲ್ಲಂತ್ರಿ. ಕೆಲಸಾನೂ ಇನ್ನೂ ಮುಗದಿಲ್ಲಂತ."

"ಯಾವಾಗ ಮುಗೀತೈತಿ?"

"ಥಂಡಿ ಪೆಟ್ಟಿಗ್ಯಾಗ ಭಾಳ ಇಟ್ಟಾರ್ರಿ. ನಾ ಹ್ವಾದಮ್ಯಾಲೂ ಇರ್ತಾವ."

"ಹಂಗಾರ ಆ ಡಾಕ್ಟರ್ ಸುಳ್ಳ ಹೇಳಿಲ್ಲ ಬಿಡು. ಕೆಲಸ ಮುಗದ ಮ್ಯಾಲೆ ಅಂದಿದ್ದ."

ಮುಬಶಿರಾ ನನ್ನನ್ನು ಊರಿನ ಗಾಡಿಗೆ ಹತ್ತಿಸಿದಳು.

ಕಬರಸ್ತಾನದಲ್ಲಿ, ಗೋರಿ ತೋಡುವ ಇಮಾಮುದ್ದೀನ ಅಜೀಜಾಬಿಯ ಮಗ್ಗುಲಿಗೆ ಸಣ್ಣದೊಂದು ಕುಣಿ ತೋಡಿ ಕಾಯುತ್ತಿದ್ದ. ತೋಡೆಂದು ನಾನು ಹೇಳಿರಲಿಲ್ಲ, ತುಂಡು ತರಲು ಹೋದದ್ದು ಕೇಳಿ ಅವನೇ ತೋಡಿದ್ದ.

"ತಂದ್ರೇನು ಕಾಕಾ?"

"ಇಲ್ಲ."

"ಯಾಕ, ಕೊಡಲಿಲ್ಲೇನು?"

"ಆಕಿ ಇನ್ನೂ ಸತ್ತಿಲ್ಲಂತ."

ಅವನು ಸಲಿಕೆಗೆ ಗದ್ದ ಊರಿ ನನ್ನನ್ನೇ ನೋಡಿದ. ಮುದುಕನ ತಲೆ ಕೆಟ್ಟಿತೆಂದುಕೊಂಡಿರಬೇಕು.

"ಹಂಗಾರ ಇದನ್ನೇನ ಮಾಡಲಿ?"

"ಮುಚ್ಚು," ಎಂದೆ. "ಆಡಿನ ಕಾಲ ಸಿಕ್ಕೊಂಡೀತು."