ಪಾಪಕ್ಕ ಆರಿಸಿದ ವಿದ್ಯೆ

ಪಾಪಕ್ಕನ ಕಣ್ಣಿನ ಪೊರೆ ತೆಗೆಸಿ ಮೂರು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡೇ ಇರಬೇಕು, ಒಲೆ ಮುಂದೆ ಕೂರಬಾರದು, ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಮೊಮ್ಮಗಳು ತ್ರಿವೇಣಿ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗೆ ರಜೆ ಹಾಕಿ, ಬೇತಮಂಗಲದ ಹತ್ತಿರದ ಹಳ್ಳಿಮನೆಯಲ್ಲಿ ಅಜ್ಜಿಯ ಜೊತೆ ಉಳಿದಿದ್ದಳು. ಅಜ್ಜಿಗೆ ಹೊತ್ತು ಹೋಗಲೆಂದು ಫೋನಿನಲ್ಲಿ ತಾನು ಆಡುವ ಆಟವನ್ನು ಬಾಯಲ್ಲಿ ವಿವರಿಸುತ್ತಾ ಆಡತೊಡಗಿದಳು.

ಆಟದಲ್ಲಿ ಒಬ್ಬ ಯೋಧ. ಪ್ರತಿ ಹಂತ ದಾಟಿದಾಗಲೂ ಅವನಿಗೊಂದು ವಿದ್ಯೆ ಕಲಿಸಬಹುದು.

"ಏನ್ ಕಲ್ಸಲಿ ಅಜ್ಜಿ? ಎರಡು ಕೈಲೂ ಕತ್ತಿ ಬೀಸೋದೈತೆ, ಗೋಡೆ ಒಡೆಯೋ ಬಲ ಐತೆ, ಕತ್ಲಲ್ಲಿ ಸದ್ದು ಕೇಳೋದೈತೆ."

"ಎಲ್ಲಿಗ್ ಓತಾನೆ ಅವ್ನು?"

"ಗುಹೆಯೊಳಕ್ಕೆ."

"ನೆಲದ ಕೆಳಕ್ಕಾ?" ಪಾಪಕ್ಕ ಮೊಮ್ಮಗಳ ಕಡೆ ತಿರುಗಿದಳು. "ಅಂಗಾರೆ ಕೇಳೋದ್ ಕಲ್ಸು."

ಆ ವಿದ್ಯೆಯನ್ನು ಆಡುವವರು ಯಾರೂ ಆರಿಸುವುದಿಲ್ಲ. ತ್ರಿವೇಣಿ ನಕ್ಕು, ಅಜ್ಜಿಯ ಮನಸ್ಸಿಗೆ ಯಾಕೆ ಬೇಜಾರು ಮಾಡುವುದೆಂದು ಅದನ್ನೇ ಒತ್ತಿದಳು. ಮುಂದಿನ ಎರಡು ಹಂತಗಳಲ್ಲೂ ಪಾಪಕ್ಕ ಅದನ್ನೇ ಹೆಚ್ಚಿಸು ಎಂದಳು.

ಮರುದಿನ ಮಧ್ಯಾಹ್ನ ಯೋಧ ಗುಹೆಯ ತುದಿ ಮುಟ್ಟಿದ. ಎದುರಿಗೆ ಬರೀ ಬಂಡೆ. ಅದರ ಆಚೆಯಿಂದ ಸಣ್ಣಗೆ ಬಡಿಯುವ ಸದ್ದು. ಬಡಿಯುತ್ತದೆ, ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ.

ಅವರೆಕಾಯಿ ಬಿಡಿಸುತ್ತಿದ್ದ ಪಾಪಕ್ಕನ ಕೈ ನಿಂತಿತು. "ಆ ಕಡೆ ಯಾರೋ ಅವ್ರೆ. ಒಡಿಯೇ."

"ಬಲ ಇಲ್ಲ ಅಜ್ಜಿ. ಎಲ್ಲಾ ಕೇಳೋದಕ್ಕೇ ಆಕ್ಬಿಟ್ಟಿದೀವಿ."

"ಬಲ ತಕ್ಕೊಂಡ್ ಬಾ, ಓಗು."

ಇನ್ನೊಂದು ಹಂತ ದಾಟಲು ತ್ರಿವೇಣಿಗೆ ಒಂದೂವರೆ ಗಂಟೆ ಹಿಡಿಯಿತು. ಯೋಧನ ಕಿವಿ ಅಷ್ಟು ಚುರುಕಾಗಿದ್ದರಿಂದ ಗುಹೆಯಲ್ಲಿ ಎಲ್ಲಿ ಹೋದರೂ ಆ ಸದ್ದು ಕೇಳುತ್ತಲೇ ಇತ್ತು. ಪಾಪಕ್ಕ ತಟ್ಟೆಯ ಮುದ್ದೆ ಮುಟ್ಟಲಿಲ್ಲ. "ಇನ್ನಾ ಬಡೀತಾವ್ನಾ?" ಎಂದು ಮತ್ತೆ ಮತ್ತೆ ಕೇಳಿದಳು. ಕೊನೆಗೆ ಬಲ ಸಿಕ್ಕಿ, ಬಂಡೆ ಒಡೆಯಿತು.

"ಯಾರವ್ರೆ?"

"ಯಾರೂ ಇಲ್ಲ ಅಜ್ಜಿ. ಒಂದು ಪೆಟ್ಟಿಗೆ ಐತೆ, ಚಿನ್ನ ತುಂಬಿರೋದು."

"ಬಡೀತಿದ್ದೋನು?"

"ಅದು ಬರೀ ಸದ್ದು. ಒಳಗಡೆ ಜಾಗ ಐತೆ ಅಂತ ತಿಳಿಸಾಕೆ."

ಪಾಪಕ್ಕ ಕನ್ನಡಕ ತೆಗೆದಳು. ತ್ರಿವೇಣಿ ಬೇಡವೆಂದರೂ ಕೇಳದೆ, ಖಾಲಿ ಗೋಡೆಯ ಕಡೆ ನೋಡುತ್ತಾ ಹೇಳಿದಳು: "ನಿಮ್ ತಾತ ಚಿನ್ನದ್ ಗಣಿಯೊಳ್ಗೆ ಬಂಡೆ ಸಿಡ್ದು ಒಂದ್ ಗಳಿಗೇಲಿ ಪ್ರಾಣ ಬಿಟ್ರು ಅಂತ ನಿಮ್ಮಪ್ಪಂಗೆ ಏಳಿದ್ದು ನಾನೇ. ಆಗ ಅವ್ನಿಗೆ ಐದ್ ವರ್ಷ. ಅಂಗಲ್ಲ ಕಣೇ. ಬಂಡೆ ಆಚೆ ಸಿಕ್ಕಾಕ್ಕೊಂಡು ಎರಡ್ ದಿನ ಗಾಳಿ ಪೈಪ್ ಬಡೀತಿದ್ರಂತೆ. ಈ ಕಡೆಯಿಂದ ಜೊತೆ ಕೆಲ್ಸದೋರು ಬಂಡೆ ತೆಗೀತಾನೇ ಇದ್ರು. ಮೂರ್ನೇ ದಿನ ಸದ್ದು ನಿಂತೋಯ್ತು. ಬಂಡೆ ತೆಗೀತಿದ್ದ ಸೀನಪ್ಪ ನಂಗೊಬ್ಳಿಗೇ ಏಳ್ದ. ನೀನು ನಿಮ್ಮಪ್ಪಂಗೆ ಏಳ್ಬೇಡ."

ಸಂಜೆ ತ್ರಿವೇಣಿಯ ಅಪ್ಪ ಮುನೀಂದ್ರ ಬಂಗಾರಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಮುಗಿಸಿ ಮನೆಗೆ ಬಂದ. ಅಮ್ಮನ ಕಣ್ಣು ಕೆಂಪಾಗಿದ್ದುದನ್ನು ಕಂಡು, ಔಷಧಿ ಹಾಕಿದೆಯಾ ಎಂದು ಮಗಳನ್ನು ಕೇಳಿದ. ತ್ರಿವೇಣಿ ಅವನ ಮುಖ ನೋಡದೆ ಹೂಂ ಎಂದಳು.

"ಯಾಕಮ್ಮ, ಇಬ್ರೂ ಸಪ್ಪಗಿದೀರ?"

"ಏನಿಲ್ಲಪ್ಪ. ಆಟದಲ್ಲಿ ಸೋತೆ."

ಎರಡು ದಿನ ಅವಳು ಆಟ ತೆರೆಯಲಿಲ್ಲ. ಮೂರನೆಯ ದಿನ ಪಾಪಕ್ಕನೇ ಆಡು ಎಂದಳು. ಒಮ್ಮೆ ಕಲಿಸಿದ ವಿದ್ಯೆಯನ್ನು ಮರೆಸುವ ದಾರಿ ಆ ಆಟದಲ್ಲಿ ಇರಲಿಲ್ಲ. ತ್ರಿವೇಣಿ ಹೊಸ ಯೋಧನೊಬ್ಬನನ್ನು ಮಾಡಿದಳು.

"ಇವ್ನಿಗೇನ್ ಕಲ್ಸಲಿ ಅಜ್ಜಿ?"

"ಕತ್ತಿ ಕಲ್ಸು, ಸಾಕು. ಮೇಲ್ಗಡೆ ಬಯಲಲ್ಲೇ ಇಟ್ಕೋ ಅವ್ನ."

ತ್ರಿವೇಣಿ ಹಾಗೆಯೇ ಮಾಡಿದಳು. ಹಳೆಯ ಯೋಧನನ್ನು ಅಳಿಸಲು ಮಾತ್ರ ಅವಳಿಗೆ ಕೈ ಬರಲಿಲ್ಲ.