ಕೊಬ್ಬರಿ ಕೋಣೆಯಲ್ಲಿ ತೆಗೆದ ಕಣ್ಣುಗಳು

ಶರ್ಮಿಳಾ ತೆಗೆದ ಕಣ್ಣಿನ ಚಿತ್ರಗಳಲ್ಲಿ ನೂರಕ್ಕೆ ಆರು ಮಾತ್ರ ಕೆಡುತ್ತಿದ್ದವು. ನನ್ನವು ಮೂವತ್ತೆಂಟು. ಇಬ್ಬರಿಗೂ ಕೊಟ್ಟಿದ್ದು ಒಂದೇ ಥರದ ಮೊಬೈಲು, ಅದಕ್ಕೆ ಸಿಕ್ಕಿಸುವ ಒಂದೇ ಥರದ ಲೆನ್ಸು. ನಾನು ಬಿ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ. ಅವಳು ಪಿ.ಯು.ಸಿ.ಯನ್ನು ಎರಡನೇ ಸಲ ಕಟ್ಟಿ ಪಾಸಾದವಳು.

ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆ, ಅಂದರೆ ರೆಟಿನಾ, ಕೆಟ್ಟಿದೆಯೇ ಎಂದು ಕಂಪ್ಯೂಟರು ಚಿತ್ರ ನೋಡಿ ಹೇಳಬಲ್ಲದೇ ಎಂಬುದು ನಮ್ಮ ಸಂಶೋಧನೆ. ಮಸುಕು ಚಿತ್ರವನ್ನು ಅದು ತಳ್ಳಿಹಾಕುತ್ತಿತ್ತು. ಪ್ರಬಂಧ ಅಚ್ಚಾಗುವಾಗ ಹಳ್ಳಿ ಸುತ್ತುವವರಲ್ಲಿ ಹೆಚ್ಚು ಒಳ್ಳೆಯ ಚಿತ್ರ ತಂದ ಒಬ್ಬರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವುದಾಗಿ ಅರಸೀಕೆರೆ ಕಚೇರಿಯ ಮುಖ್ಯಸ್ಥ ಡಾಕ್ಟರ್ ಶರತ್ಚಂದ್ರ ಹೇಳಿದ್ದರು. ಆ ಹೆಸರಿದ್ದರೆ ನನಗೆ ಎಂ.ಎಸ್ಸಿ. ಸೀಟು ಸಿಗುವ ಸಾಧ್ಯತೆಯಿತ್ತು. ಶರ್ಮಿಳಾಗೆ ಅದರಿಂದ ಏನೂ ಆಗಬೇಕಿರಲಿಲ್ಲ.

"ಅದೇನೇ ಮಾಡ್ತೀಯ ನೀನು?" ಎಂದು ಬಸ್ಸಿನಲ್ಲಿ ಕೇಳಿದೆ.

"ಏನಿಲ್ಲ ಕಣೇ. ಕೂತ್ಕೊಂಡು ಮಾತಾಡ್ತೀನಿ, ಅಷ್ಟೇ."

ನಂಬಲಿಲ್ಲ. ಮರುದಿನ ಗಂಡಸಿ ಊರಿನಲ್ಲಿದ್ದ ನನ್ನ ಕೆಲಸ ಬಿಟ್ಟು, ಅವಳಿಗೆ ಕೊಟ್ಟಿದ್ದ ಜಾವಗಲ್‌ಗೆ ಹೋದೆ. ಆರೋಗ್ಯ ಉಪಕೇಂದ್ರದಲ್ಲಿ ಅವಳಿರಲಿಲ್ಲ. ಇದ್ದದ್ದು ಆ ಊರಿನ ತೆಂಗು ಬೆಳೆಗಾರ ದೇವೀರಪ್ಪನವರ ಕೊಬ್ಬರಿ ಕೋಣೆಯಲ್ಲಿ. ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಲೆಂದು ವರ್ಷವಿಡೀ ಅಟ್ಟದ ಮೇಲಿಡುವ ಕೋಣೆ, ಕಿಟಕಿಯೇ ಇಲ್ಲ. ಅಟ್ಟದ ಕೆಳಗೆ ಹತ್ತು ಜನ ಮುದುಕ ಮುದುಕಿಯರು ಕತ್ತಲಲ್ಲಿ ಕೂತು ಹರಟುತ್ತಿದ್ದರು. ಕತ್ತಲಲ್ಲಿ ಕಣ್ಣಿನ ಪಾಪೆ ತಾನಾಗಿಯೇ ಅಗಲವಾಗುತ್ತದೆ. ನಾನು ಕಿಟಕಿಗೆ ಪರದೆಯಿಲ್ಲದ ಉಪಕೇಂದ್ರದ ಬೆಳಕಿನಲ್ಲಿ, ಸಾಸಿವೆ ಕಾಳಿನಷ್ಟು ಪಾಪೆಯೊಳಗೆ ಇಣುಕಲು ಹೆಣಗುತ್ತಿದ್ದೆ. ಪುಸ್ತಕದಲ್ಲಿ ಓದಿದ್ದು ನನಗೆ ಹೊಳೆದಿರಲಿಲ್ಲ, ಇವಳಿಗೆ ಹೊಳೆದಿತ್ತು. ಹೊಟ್ಟೆ ಉರಿಯಿತು.

ಉಪಕೇಂದ್ರದಲ್ಲೇ ಚಿತ್ರ ತೆಗೆಯಬೇಕೆಂಬ ನಿಯಮವಿತ್ತು. ಬಾಗಿಲಲ್ಲೇ ನಿಂತು ಫೋಟೋ ಹೊಡೆದು ಡಾಕ್ಟರಿಗೆ ಕಳಿಸಿದೆ.

ಅವರು ಮಧ್ಯಾಹ್ನವೇ ಬಂದರು.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಎಲ್ರೂ ಹಿಂಗೇ ಮಾಡ್ತಾರೆ ಅನ್ಕೊಂಡಿದ್ದೆ ಸಾರ್" ಎಂದಳು ಶರ್ಮಿಳಾ.

ದೇವೀರಪ್ಪ ನಡುವೆ ಬಾಯಿ ಹಾಕಿದರು: "ಈ ಬೇಸ್ಗೇಲಿ ಊರ್ನಾಗೆ ತಂಪಾಗಿರೋ ಜಾಗ ಇದೊಂದೇ ಐತೆ ಸ್ವಾಮಿ. ಕಾಯಿ ತಲೆ ಮೇಲೆ ಬೀಳ್ದಿದ್ರೆ ಆಯ್ತು."

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ನಿಯಮ ಮೀರಿದ ಇನ್ನೂರ ಹನ್ನೆರಡು ಜನರ ಚಿತ್ರಗಳು ಪ್ರಬಂಧಕ್ಕೆ ಬರುವುದಿಲ್ಲ. ಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕಳಿಸೋಣ. ಸಂಶೋಧನಾ ನೀತಿ ಸಮಿತಿಯ ಅನುಮತಿ ತಂದು, ಇದೇ ಕೋಣೆಯಲ್ಲಿ ಎಲ್ಲರದ್ದೂ ಮತ್ತೆ ತೆಗೆಯಬೇಕು. ಆಮೇಲೆ ನನ್ನ ಕಡೆ ತಿರುಗಿದರು.

"ಸದ್ಯಕ್ಕೆ ಉಳಿದಿರೋದು ನಿನ್ನ ಚಿತ್ರಗಳು. ಉಪಾಯ ಇವಳದು. ಯಾರ ಹೆಸರು ಹಾಕೋಣ ಸ್ವಾತಿ? ನೀನೇ ಹೇಳು."

ಶರ್ಮಿಳಾ ತಲೆ ತಗ್ಗಿಸಿ ಲೆನ್ಸು ಒರೆಸುತ್ತಿದ್ದಳು.

"ನಿಯಮದ ಪ್ರಕಾರ ನನ್ನದು ಸಾರ್" ಎಂದೆ.

ಅವರು ನನ್ನ ಹೆಸರು ಬರೆದುಕೊಂಡರು.

ಅನುಮತಿ ಬರಲು ಮೂರು ವಾರ ಹಿಡಿಯಿತು. ಇಬ್ಬರೂ ಜಾವಗಲ್‌ಗೆ ಹೋದೆವು. ಶರ್ಮಿಳಾ ಜಗಳವಾಡಲಿಲ್ಲ, ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಮೊದಲು ಬಂದವಳು ಕಾಯಿ ಸುಲಿಯುವ ರಂಗಮ್ಮ.

"ಅಜ್ಜಿದು ಬಲಗಣ್ಣು ಮೊದ್ಲು ತೆಗಿ. ಎಡಗಣ್ಣಲ್ಲಿ ನೀರು ಸುರೀತದೆ" ಎಂದಳು ಶರ್ಮಿಳಾ.

ತೆಗೆದೆ. ರಕ್ತನಾಳಗಳೆಲ್ಲ ಗೆರೆ ಎಳೆದಷ್ಟು ಸ್ಪಷ್ಟ. ನನ್ನ ಕೈಯಿಂದ ಅಂಥ ಚಿತ್ರ ಅದುವರೆಗೆ ಬಂದಿರಲಿಲ್ಲ.

ರಂಗಮ್ಮ ಅವಳ ಕಡೆಗೇ ತಿರುಗಿದಳು. "ಚೆನ್ನಾಗ್ ಬಂತೇನವ್ವ ಶರ್ಮಿಳಾ?"

"ತೆಗ್ದಿದ್ದು ನಾನು ಕಣಜ್ಜಿ" ಎಂದೆ.

"ಗೊತ್ತು ಬಿಡವ್ವ. ಅವ್ಳು ನೋಡಿ ಹೇಳ್ಲಿ."